ಸಾಕು ಅನ್ನುವ ಸುದ್ದಿ ತಡವಾಗಿ ಬರುತ್ತದೆ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಉತ್ತರ ಕನ್ನಡದಲ್ಲಿ ಬಾಯಿಗೆ ಬಿಡುವಿಲ್ಲ. ಕಾರವಾರದಲ್ಲಿ ಕ್ರಿಸ್‌ಮಸ್, ಅದರ ಬೆನ್ನಿಗೇ ಹೊಸ ವರ್ಷ. ಗೋಕರ್ಣ, ಮುರ್ಡೇಶ್ವರ ನೋಡಲೆಂದು ಬೆಂಗಳೂರು, ಹುಬ್ಬಳ್ಳಿಗಳಿಂದ ಇಳಿಯುವ ನೆಂಟರು, ಅವರ ನೆಪದಲ್ಲಿ ದಿನವೂ ಇಸ್ವಾಣ ಮೀನು, ಸಿಗಡಿ. ಪುಷ್ಯ ಮಾಸದ ಹುಣ್ಣಿಮೆಗೆ ದೋಣಿ ಹತ್ತಿ ಕೂರ್ಮಗಡದ ನರಸಿಂಹನ ಜಾತ್ರೆ. ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದ ಕಡೆ ಆಲೆಮನೆಯ ಹೊಗೆ. ಸಂಕ್ರಾಂತಿ ಕಳೆದದ್ದೇ ತಡ, ಮದುವೆ, ಉಪನಯನಗಳ ಸಾಲು.

‘ಮಿತವಾಗಿ ತಿನ್ನಿ’ ಎನ್ನುವ ಉಪದೇಶಕ್ಕೂ ಈ ದಿನಗಳಲ್ಲಿ ಬರವಿಲ್ಲ. ಹಾಗೆ ಹೇಳಿದವರೇ ಪಂಕ್ತಿಯಲ್ಲಿ ಕೂತು ನಾಲ್ಕನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವುದೂ ಇದೆ. ಅವರನ್ನು ದೂರಿ ಪ್ರಯೋಜನವಿಲ್ಲ. ಹಬ್ಬದ ಊಟ ಹೆಚ್ಚಾಗುವುದಕ್ಕೆ ದೇಹದೊಳಗೆ ಕಾರಣಗಳಿವೆ, ಬಾಳೆಎಲೆಯ ಮೇಲೆ ಇವೆ, ಬಡಿಸುವವರ ಕೈಯಲ್ಲೂ ಇವೆ. ಮನಸ್ಸಿನ ಗಟ್ಟಿತನದ ಪಾಲು ಇವೆಲ್ಲದರ ನಂತರದ್ದು.

ಹೊಟ್ಟೆಯಿಂದ ತಲೆಗೆ

ಖಾಲಿ ಇದ್ದಾಗ ಜಠರ ಬಹಳ ಚಿಕ್ಕದು, ನೂರು ಮಿಲಿಲೀಟರಿನಷ್ಟೂ ಹಿಡಿಯುವುದಿಲ್ಲ. ಅನ್ನ ಇಳಿಯುತ್ತಿದ್ದಂತೆ ಅದರ ಗೋಡೆ ಸಡಿಲಾಗುತ್ತ ಹೋಗಿ ಒಂದು, ಒಂದೂವರೆ ಲೀಟರಿನಷ್ಟನ್ನು ತಾಪತ್ರಯವಿಲ್ಲದೆ ಒಳಗೆ ಹಾಕಿಕೊಳ್ಳುತ್ತದೆ. ಹೀಗೆ ಹಿಗ್ಗುವುದನ್ನು ಗೋಡೆಯಲ್ಲಿರುವ ನರದ ತುದಿಗಳು ಗುರುತಿಸಿ, ವೇಗಸ್ ಎಂಬ ನರದ ಮೂಲಕ ಮಿದುಳಿಗೆ ಸುದ್ದಿ ಕಳಿಸುತ್ತವೆ. ಇದು ಮೊದಲ ಸುದ್ದಿ, ಬೇಗ ತಲುಪುತ್ತದೆ. ಆದರೆ ಇದಕ್ಕೆ ಗೊತ್ತಾಗುವುದು ಗಾತ್ರ ಮಾತ್ರ. ಒಳಗೆ ಬಂದದ್ದು ಸಾರೋ ತುಪ್ಪವೋ ಎಂಬುದು ಇದಕ್ಕೆ ತಿಳಿಯದು.

ಎರಡನೆಯ ಸುದ್ದಿ ಸಣ್ಣಕರುಳಿನದು. ಕೊಬ್ಬು, ಪ್ರೋಟೀನ್, ಸಕ್ಕರೆ ಕರುಳಿಗೆ ತಲುಪಿದ ಮೇಲೆ ಅಲ್ಲಿನ ಜೀವಕೋಶಗಳು ಕೋಲಿಸಿಸ್ಟೋಕೈನಿನ್, ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನುಗಳನ್ನು ಬಿಡುತ್ತವೆ. ಇವು ಜಠರ ಬರಿದಾಗುವ ವೇಗವನ್ನು ತಗ್ಗಿಸುತ್ತವೆ, ಮಿದುಳಿಗೆ ‘ಸಾಕು’ ಎನ್ನುತ್ತವೆ. ತೂಕ ಇಳಿಸಲು ಮಾರಾಟವಾಗುತ್ತಿರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಮಾಡುವ ಕೆಲಸವೂ ಇದೇ. ಅದು ಜಿಎಲ್‌ಪಿ-1 ಹಾರ್ಮೋನಿನಂತೆ ನಟಿಸುವ ಔಷಧ. ನಮ್ಮ ಕರುಳು ಅದನ್ನು ಪುಕ್ಕಟೆಯಾಗಿ ಕೊಡುತ್ತದೆ, ಆದರೆ ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು.

ಪಂಕ್ತಿಯಲ್ಲಿ ಆ ಹೊತ್ತು ಯಾರ ಬಳಿ ಇದೆ? ಪೂಜೆ ಮುಗಿದು, ಮಂಗಳಾರತಿಯಾಗಿ, ಎಲೆ ಹಾಕುವಾಗ ಗಂಟೆ ಎರಡು ದಾಟಿರುತ್ತದೆ. ಬೆಳಿಗ್ಗೆ ‘ಮಧ್ಯಾಹ್ನ ಭರ್ಜರಿ ಊಟ ಇದೆಯಲ್ಲ’ ಎಂದು ಅರ್ಧ ದೋಸೆಗೇ ಎದ್ದುಬಂದವರು ಎಷ್ಟೋ ಮಂದಿ. ಹೊಟ್ಟೆ ತೆರವಾಗಿದ್ದಷ್ಟೂ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನು ಏರುತ್ತದೆ, ಕೈ ಬೇಗ ಓಡುತ್ತದೆ. ಹತ್ತು ನಿಮಿಷದಲ್ಲಿ ಅನ್ನ, ಸಾರು, ಹುಳಿ, ಎರಡು ಹೋಳಿಗೆ ಮುಗಿದಿರುತ್ತದೆ. ಕರುಳಿನ ಸುದ್ದಿ ಇನ್ನೂ ದಾರಿಯಲ್ಲಿರುತ್ತದೆ. ಅದು ಬಂದು ಮುಟ್ಟುವಾಗ ನಾವು ಕೈ ತೊಳೆದು ಎಲೆಯಡಿಕೆಯ ಕವಳ ಹಾಕಿಕೊಂಡು, ‘ಯಾಕೋ ಸ್ವಲ್ಪ ಜಾಸ್ತಿಯಾಯಿತು’ ಎನ್ನುತ್ತ ಚಾಪೆ ಹುಡುಕುತ್ತಿರುತ್ತೇವೆ.

ಹಾಗಾಗಿ ದೊಡ್ಡ ಊಟದ ದಿನ ಬೆಳಗಿನ ತಿಂಡಿ ಬಿಡುವುದು ಲೆಕ್ಕಕ್ಕೆ ಉಳಿತಾಯದಂತೆ ಕಂಡರೂ ಪಂಕ್ತಿಯಲ್ಲಿ ದುಬಾರಿಯಾಗುತ್ತದೆ. ಹನ್ನೊಂದರ ಹೊತ್ತಿಗೆ ಆಸರಿಗೆಂದು ಒಂದು ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ ಹೊಟ್ಟೆಗೆ ಬಿದ್ದಿದ್ದರೆ ಎಲೆಯ ಮುಂದೆ ಕೂತಾಗ ಧಾವಂತ ಇರುವುದಿಲ್ಲ.

ಮಿರ್ಚಿ ಬಜ್ಜಿಯ ಮರ್ಮ

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಹೊಟ್ಟೆ ತುಂಬುವುದು ಬೇರೆ, ಒಂದು ರುಚಿ ಸಾಕಾಗುವುದು ಬೇರೆ. ಅನ್ನ ಹುಳಿ ಉಣ್ಣುತ್ತ ಉಣ್ಣುತ್ತ ಅದರ ಮೇಲಿನ ಆಸೆ ಕಡಿಮೆಯಾಗುತ್ತದೆ. ಅಷ್ಟರಲ್ಲಿ ಪಾಯಸ ಬಂದರೆ ಆಸೆ ಮತ್ತೆ ಮೊದಲಿನಿಂದ ಶುರು. ಒಂದು ರುಚಿಗೆ ತಣಿದ ಮಿದುಳು ಇನ್ನೊಂದು ರುಚಿಗೆ ತಣಿದಿರುವುದಿಲ್ಲ. ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು: ಆಗಷ್ಟೇ ತಿಂದ ಪದಾರ್ಥದ ಮೇಲಿನ ಇಷ್ಟ ಇಳಿಯುತ್ತದೆ, ತಿನ್ನದೇ ಇರುವುದರ ಮೇಲಿನ ಇಷ್ಟ ಹೆಚ್ಚೂಕಡಿಮೆ ಹಾಗೆಯೇ ಉಳಿಯುತ್ತದೆ. ಬಗೆಬಗೆಯ ತಿನಿಸು ಮುಂದಿದ್ದರೆ ಜನ ಒಂದೇ ತಿನಿಸು ಇದ್ದಾಗಿನದಕ್ಕಿಂತ ಹೆಚ್ಚು ತಿನ್ನುತ್ತಾರೆ.

ಶಿರಸಿಯ ಹವ್ಯಕರ ಊಟದ ಎಲೆ ನೋಡಿದರೆ ಇದನ್ನು ಕಂಡುಹಿಡಿಯಲು ಪ್ರಯೋಗಶಾಲೆಯೇ ಬೇಕಿತ್ತೇ ಅನ್ನಿಸುತ್ತದೆ. ಎಲೆಯ ತುದಿಯಲ್ಲಿ ಉಪ್ಪು, ಅಪ್ಪೆಮಿಡಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಚಿತ್ರಾನ್ನ. ಅನ್ನಕ್ಕೆ ತಂಬುಳಿ, ಆಮೇಲೆ ಸಾರು, ಹುಳಿ. ಪಾಯಸ, ಹೋಳಿಗೆ, ಅದಕ್ಕೆ ತುಪ್ಪ. ಸಿಹಿಗೆ ಬಾಯಿ ಕಟ್ಟಿತು ಅನ್ನುವಾಗ ಮಾವಿನಕಾಯಿಯ ಅಪ್ಪೆಹುಳಿ ಬಂದು ನಾಲಗೆಯನ್ನು ತೊಳೆದಂತೆ ಮಾಡಿಬಿಡುತ್ತದೆ. ಕೊನೆಗೆ ಮಜ್ಜಿಗೆ. ಒಗರು, ಹುಳಿ, ಖಾರ, ಸಿಹಿ, ಮತ್ತೆ ಹುಳಿ. ಯಾವ ರುಚಿಯೂ ಬೇಸರ ಹುಟ್ಟಿಸುವಷ್ಟು ಹೊತ್ತು ನಿಲ್ಲುವುದಿಲ್ಲ. ಅಡುಗೆಯ ಕಲೆಯಾಗಿ ನೋಡಿದರೆ ಇದಕ್ಕೆ ಸಾಟಿಯಿಲ್ಲ. ‘ಸಾಕು’ ಎನ್ನಿಸಿಕೊಳ್ಳುವ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಅಡ್ಡಿಯೂ ಇಲ್ಲ.

ಆಲೆಮನೆಯಲ್ಲಿ ಇದೇ ಆಟ ಇನ್ನೂ ಬಿಚ್ಚುಬಿಚ್ಚಾಗಿ ಕಾಣುತ್ತದೆ. ಕಬ್ಬಿನ ಹಾಲು ಎರಡು ಲೋಟ ಕುಡಿದ ಮೇಲೆ ಮೂರನೆಯದು ಯಾರಿಗೂ ಇಳಿಯುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಮಸಾಲೆ ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ. ಖಾರ ತಿಂದು ಕಣ್ಣಲ್ಲಿ ನೀರು ಬಂದ ಮೇಲೆ ಮೂರನೆಯ ಲೋಟಕ್ಕೆ ಕೈ ತಾನಾಗಿ ಹೋಗುತ್ತದೆ. ಕಬ್ಬಿನ ಹಾಲಿನಲ್ಲಿ ನೂರು ಮಿಲಿಲೀಟರಿಗೆ ಹದಿಮೂರು ಹದಿನಾಲ್ಕು ಗ್ರಾಂ ಸಕ್ಕರೆ ಇರುತ್ತದೆ ಎಂದಿಟ್ಟುಕೊಂಡರೂ 250 ಮಿ.ಲೀ. ಲೋಟದಲ್ಲಿ ಮೂವತ್ತು ಗ್ರಾಂ ದಾಟಿತು. ಹೊರಗಿನಿಂದ ಸೇರಿಸಿದ ಸಕ್ಕರೆ, ರಸಗಳಲ್ಲಿನ ಸಕ್ಕರೆ ಎಲ್ಲ ಸೇರಿ ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಮೂರು ಲೋಟವೆಂದರೆ ನಾಲ್ಕು ದಿನದ ಪಾಲು. ಜೊತೆಗೆ, ಕುಡಿದ ಸಕ್ಕರೆ ತಿಂದ ಸಕ್ಕರೆಯಷ್ಟು ಹೊಟ್ಟೆ ತುಂಬಿಸುವುದಿಲ್ಲ. ಅಗಿಯುವ ಕೆಲಸವಿಲ್ಲ, ನಾರಿಲ್ಲ, ಜಠರದಲ್ಲಿ ನಿಲ್ಲುವುದೂ ಇಲ್ಲ. ಮನೆಗೆ ಬಂದು ರಾತ್ರಿಯ ಊಟವನ್ನು ಎಂದಿನಂತೆಯೇ ಮಾಡುತ್ತೇವೆ.

‘ಬೆಲ್ಲ ಅಲ್ಲವೇ, ಸಕ್ಕರೆಯಲ್ಲವಲ್ಲ’ ಎನ್ನುವ ಸಮಾಧಾನ ನಮ್ಮ ಕಡೆ ಬಹಳ. ನೀರುನೀರಾದ ಜೋನಿಬೆಲ್ಲದ ಪರಿಮಳಕ್ಕೆ ಸಕ್ಕರೆ ಸಮನಲ್ಲ, ಒಪ್ಪಿದೆ. ಅದರಲ್ಲಿ ಸ್ವಲ್ಪ ಖನಿಜಾಂಶಗಳೂ ಇವೆ. ಆದರೆ ಮಧುಮೇಹಿಯ ರಕ್ತಕ್ಕೆ ಸೇರಿದ ಮೇಲೆ ಬೆಲ್ಲವೂ ಸಕ್ಕರೆಯೇ. ದೋಸೆಗೆ ಒಂದು ಚಮಚ ಜೋನಿಬೆಲ್ಲ ರುಚಿಗೆ. ತಟ್ಟೆಯಲ್ಲಿ ಕೆರೆ ಕಟ್ಟಿದರೆ ಅದು ಬೇರೆ ಲೆಕ್ಕ. ಆಲೆಮನೆಗೆ ಹೋದವರು ತೊಡೆದೇವು ಸಿಕ್ಕರೆ ಅದನ್ನೇ ಹಿಡಿಯುವುದು ಜಾಣತನ. ಮಡಕೆಯ ಬೆನ್ನ ಮೇಲೆ ಅಷ್ಟು ತೆಳ್ಳಗೆ ಬಳಿದು ಎತ್ತುವ ತಿಂಡಿಯಲ್ಲಿ ಎಷ್ಟು ತಾನೇ ಹಿಟ್ಟಿರುತ್ತದೆ! ತುಪ್ಪದ ಮಿಳ್ಳೆಯ ಮೇಲೆ ಮಾತ್ರ ಕಣ್ಣಿರಲಿ.

ಎಲೆಯ ಮೇಲೆ ರುಚಿಗಳ ಬಗೆಯನ್ನು ಕಡಿಮೆ ಮಾಡಿ ಎಂದು ಯಾರಿಗೂ ಹೇಳಲಾಗದು, ಹೇಳಬಾರದು ಕೂಡ. ಆದರೆ ಉಣ್ಣುವ ಕ್ರಮ ನಮ್ಮ ಕೈಯಲ್ಲಿದೆ. ಕೋಸಂಬರಿ, ಪಲ್ಯಗಳನ್ನು ನಂಜಿಕೊಳ್ಳಲು ಉಳಿಸಿಕೊಳ್ಳದೆ ಮೊದಲೇ ಮುಗಿಸಿದರೆ, ನಾರು ಪ್ರೋಟೀನುಗಳು ಮುಂಚೆ ಒಳಗೆ ಹೋಗಿ ಆಮೇಲೆ ಬರುವ ಅನ್ನದ ಸಕ್ಕರೆ ರಕ್ತಕ್ಕೆ ಏರುವ ವೇಗ ತಗ್ಗುತ್ತದೆ. ಕೋಸಂಬರಿಯನ್ನು ಎರಡನೆಯ ಸಲ ಕೇಳಿದರೆ ಬಡಿಸುವವರಿಗೂ ಆಶ್ಚರ್ಯವಾಗುತ್ತದೆ. ಅದನ್ನು ಕೇಳುವವರೇ ಕಡಿಮೆ.

ಕಾರವಾರದ ಮೀನೂಟದಲ್ಲಿ ಈ ತೊಂದರೆ ಇಷ್ಟಿಲ್ಲ. ಬಂಗುಡೆಯ ಹುಳಿ, ಕುಚ್ಚಲಕ್ಕಿ ಅನ್ನ, ಕೋಕಂ ಕಡಿ ಇರುವ ಊಟ ಮೂಲದಲ್ಲಿ ಸೌಮ್ಯವಾದದ್ದು. ಮೀನಿನ ಪ್ರೋಟೀನ್ ಹೊಟ್ಟೆಯನ್ನು ಬೇಗ ತಣಿಸುತ್ತದೆ. ಕೆಡುವುದು ರವೆ ಮೆತ್ತಿ ಕರಿದ ತುಂಡುಗಳು ಒಂದರ ಮೇಲೊಂದು ತಟ್ಟೆಗೆ ಬಂದಾಗ. ರಜೆಯಲ್ಲಿ ಹೋಟೆಲಿಗೆ ಹೋದರೆ ಸಾರಿನ ಮೀನು ಯಾರಿಗೂ ನೆನಪಾಗುವುದಿಲ್ಲ, ಎಲ್ಲರಿಗೂ ಫ್ರೈ ಬೇಕು.

ಬಡಿಸುವವರ ಕೈ

‘ಭಾವ, ಒಂದೇ ಒಂದು. ನನ್ನ ಕೈಯಿಂದ.’ ಪಂಕ್ತಿಯಲ್ಲಿ ಹೋಳಿಗೆಯ ಬುಟ್ಟಿ ಹಿಡಿದು ನಿಂತವರ ಈ ಮಾತಿಗೆ ಯಾವ ವೈದ್ಯರ ಚೀಟಿಯೂ ನಿಲ್ಲುವುದಿಲ್ಲ. ಒತ್ತಾಯ ನಮ್ಮಲ್ಲಿ ಆದರದ ಗುರುತು. ಕೇಳದೆ ಮುಂದೆ ಹೋದರೆ ನೊಂದುಕೊಳ್ಳುವವರೂ ಇದ್ದಾರೆ. ಆದ್ದರಿಂದ ಬಾಯಿಂದ ‘ಬೇಡ’ ಎನ್ನುವುದು ವಿನಯದ ಮಾತಾಗಿಬಿಟ್ಟಿದೆ, ಅದನ್ನು ಯಾರೂ ನಂಬುವುದಿಲ್ಲ. ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಹೋಳಿಗೆ ಇಳಿಸುವ ಚತುರರಿದ್ದಾರೆ.

ಅನುಭವಸ್ಥರು ಮಾಡುವ ಉಪಾಯ ಒಂದಿದೆ. ಎಲೆಯಲ್ಲಿ ಸಿಹಿಯ ಜಾಗವನ್ನು ಖಾಲಿ ಬಿಡುವುದಿಲ್ಲ. ಮೊದಲ ಹೋಳಿಗೆಯನ್ನೇ ಚೂರುಚೂರಾಗಿ ಮುರಿದು ನಿಧಾನಕ್ಕೆ ತಿನ್ನುತ್ತ, ಬುಟ್ಟಿ ಮೂರನೆಯ ಸುತ್ತು ಬರುವಾಗಲೂ ಅರ್ಧ ಉಳಿಸಿಕೊಂಡಿರುತ್ತಾರೆ. ಬಡಿಸುವವರ ಕಣ್ಣು ಬೀಳುವುದು ಬರಿದಾದ ಜಾಗದ ಮೇಲೆ. ಹೀಗೆ ತಿಂದವರಿಗೆ ಕರುಳಿನ ಸುದ್ದಿಗೆ ಬೇಕಾದ ಹದಿನೈದು ನಿಮಿಷವೂ ಸಿಗುತ್ತದೆ. ಸಾಧಾರಣ ಗಾತ್ರದ ಒಂದು ಹೋಳಿಗೆಯಲ್ಲಿ 200ರಿಂದ 250 ಕ್ಯಾಲೊರಿ, ಮೇಲೆ ಒಂದು ಸಣ್ಣ ಚಮಚ ತುಪ್ಪಕ್ಕೆ 45. ಎರಡು ಹೋಳಿಗೆ ತಪ್ಪಿದರೂ ಒಂದು ತಿಂಡಿಯಷ್ಟು ಉಳಿಯಿತು.

ಪಂಕ್ತಿಯ ನಡುವೆ ಯಾರಾದರೂ ಶ್ಲೋಕ ಹೇಳುವ, ಪದ್ಯ ಹಾಡುವ ಹಳೆಯ ರೂಢಿಗೆ ನನ್ನ ಬೆಂಬಲ ಈ ಕಾರಣಕ್ಕೂ ಇದೆ. ಒಬ್ಬರು ಹೇಳುವಾಗ ಉಳಿದವರ ಕೈ ತುಸು ನಿಲ್ಲುತ್ತದೆ. ಬಫೆಯಲ್ಲಿ ಆ ಬಿಡುವಿಲ್ಲ, ನಿಂತಲ್ಲೇ ತಟ್ಟೆ ತುಂಬಿಸಿಕೊಂಡು ನಿಂತಲ್ಲೇ ಮುಗಿಸುತ್ತೇವೆ. ಒತ್ತಾಯ ಮಾಡುವವರಿಲ್ಲ ಎನ್ನುವುದೊಂದೇ ಬಫೆಯ ಲಾಭ. ಆದರೆ ಅಲ್ಲಿ ಸಾಲಾಗಿ ಇಟ್ಟ ಪಾತ್ರೆಗಳೇ ಒತ್ತಾಯ ಮಾಡುತ್ತವೆ.

ಗಡಿಯಾಚೆಯ ಗ್ಲಾಸು

ಕುಡಿಯುವ ವಿಷಯಕ್ಕೆ ಬಂದರೆ ಕಾರವಾರದ ಸ್ಥಿತಿ ರಾಜ್ಯದ ಉಳಿದ ಊರುಗಳಂತಲ್ಲ. ಮಾಜಾಳಿ ದಾಟಿದರೆ ಗೋವಾ. ಅಲ್ಲಿ ಮದ್ಯ ಅಗ್ಗ. ಪರವಾನಿಗೆ ಇಲ್ಲದೆ ಬಾಟಲಿ ಈಚೆ ತಂದರೆ ಅಬಕಾರಿ ಕೇಸು. ಇದರ ಫಲವೇನೆಂದರೆ, ತರಲಾಗದ್ದನ್ನು ಕೆಲವರು ಅಲ್ಲೇ ಹೊಟ್ಟೆಗೆ ಹಾಕಿಕೊಂಡು ಬೈಕು ಹತ್ತುತ್ತಾರೆ. ‘ಅಗ್ಗಕ್ಕೆ ಸಿಕ್ಕಿತು’ ಎನ್ನುವ ಲೆಕ್ಕದಲ್ಲಿ ಒಂದರ ಬದಲು ಮೂರಾಗುತ್ತದೆ. ಹೊಸ ವರ್ಷದ ರಾತ್ರಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಇಂಥವರೂ ಇರುತ್ತಾರೆ, ಅವರ ಎದುರಿಗೆ ಕುಟುಂಬ ಸಮೇತ ಬರುವವರೂ ಇರುತ್ತಾರೆ.

ಮಿತಿ ಎಷ್ಟು ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಪೆಗ್ಗಿನಲ್ಲಿ, ಬಾಟಲಿಯಲ್ಲಿ. ಲಿವರ್‌ಗೆ ಆ ಭಾಷೆ ಬಾರದು, ಅದಕ್ಕೆ ಗೊತ್ತಿರುವುದು ಶುದ್ಧ ಮದ್ಯಸಾರದ ಗ್ರಾಂ. ಭಾರತದಲ್ಲಿ ತಯಾರಾಗುವ ವಿಸ್ಕಿ, ರಮ್, ಬ್ರಾಂಡಿಗಳಲ್ಲಿ ಸಾಮಾನ್ಯವಾಗಿ ಶೇ. 42.8 ಮದ್ಯಸಾರ. 30 ಮಿ.ಲೀ.ನ ಸಣ್ಣ ಪೆಗ್ಗೆಂದರೆ ಸುಮಾರು 10 ಗ್ರಾಂ, 60ರ ದೊಡ್ಡ ಪೆಗ್ಗೆಂದರೆ 20. ನಮ್ಮ ರಾಜ್ಯದ 90 ಮಿ.ಲೀ. ಪ್ಯಾಕೆಟ್ಟಿನಲ್ಲಿ 30. ಕ್ವಾರ್ಟರ್, ಅಂದರೆ 180 ಮಿ.ಲೀ.ಯಲ್ಲಿ 60. ಫೆಣಿಯ ತೀವ್ರತೆಯೂ ಇದೇ ಆಸುಪಾಸು. ‘ಅದು ಗೋಡಂಬಿ ಹಣ್ಣಿನದು, ಥಂಡಿಗೆ ಔಷಧ’ ಎಂದು ಅಜ್ಜಂದಿರು ಹೇಳುತ್ತಿದ್ದರೆಂದ ಮಾತ್ರಕ್ಕೆ ಗ್ರಾಂ ಕಡಿಮೆಯಾಗದು. 2009ರಲ್ಲಿ ಗೋವಾದ ಗೋಡಂಬಿ ಫೆಣಿಗೆ ಸಿಕ್ಕ ಭೌಗೋಳಿಕ ಮಾನ್ಯತೆ ಅದರ ಹುಟ್ಟೂರಿಗೆ ಸಂಬಂಧಿಸಿದ್ದು, ಆರೋಗ್ಯಕ್ಕಲ್ಲ.

ಹೆಚ್ಚು ಜನ ಎಡವುವುದು ಬಿಯರಿನಲ್ಲಿ. ‘ಬರೀ ಬಿಯರ್’ ಎನ್ನುತ್ತಾರೆ. ಸ್ಟ್ರಾಂಗ್ ಬಿಯರಿನಲ್ಲಿ ಶೇ. 8ರವರೆಗೂ ಮದ್ಯಸಾರ ಇರಬಹುದು. 650 ಮಿ.ಲೀ. ಬಾಟಲಿ ಒಂದು ಮುಗಿಸಿದರೆ ಒಳಹೋದದ್ದು ಸುಮಾರು 40 ಗ್ರಾಂ, ಅಂದರೆ ನಾಲ್ಕು ಸಣ್ಣ ಪೆಗ್. ಕ್ರಿಸ್‌ಮಸ್ಸಿಗೆ ಮನೆಯಲ್ಲೇ ದ್ರಾಕ್ಷಿಯಿಂದ ಮಾಡುವ ವೈನ್ ಕೂಡ ಸಾಧುವಾದದ್ದೇನಲ್ಲ. ಎಷ್ಟು ಸಕ್ಕರೆ ಹಾಕಿದ್ದಾರೆ, ಎಷ್ಟು ದಿನ ಹುದುಗಿದೆ ಎಂಬುದರ ಮೇಲೆ ಶೇ. 12 ಮುಟ್ಟಲೂಬಹುದು. ಆಗ 150 ಮಿ.ಲೀ. ಗ್ಲಾಸಿನಲ್ಲಿ 14 ಗ್ರಾಂ. ಸಿಹಿಯಾಗಿರುವುದರಿಂದ ಎರಡನೆಯ ಗ್ಲಾಸು ಗೊತ್ತೇ ಆಗುವುದಿಲ್ಲ.

ಒಂದೇ ಕೂಟದಲ್ಲಿ 60 ಗ್ರಾಂ ಅಥವಾ ಹೆಚ್ಚು ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಅತಿಕುಡಿತದ ಪಟ್ಟಿಗೆ ಸೇರಿಸುತ್ತದೆ. ನಮ್ಮಲ್ಲಿ ‘ಒಂದೇ ಕ್ವಾರ್ಟರ್, ಜಾಸ್ತಿಯೇನಿಲ್ಲ’ ಎನ್ನುವ ಅಳತೆ ಸರಿಯಾಗಿ ಆ ಗೆರೆಯ ಮೇಲೆ ನಿಂತಿದೆ. ಆರೋಗ್ಯಕ್ಕೆ ಪೂರ್ತಿ ನಿರಪಾಯ ಎನ್ನಬಹುದಾದ ಪ್ರಮಾಣ ಯಾವುದೂ ಇಲ್ಲ ಎಂದು 2023ರ ಜನವರಿಯಲ್ಲಿ ಅದೇ ಸಂಸ್ಥೆ ಹೇಳಿಕೆ ಕೊಟ್ಟಿತು. ಹಾಗಾಗಿ ‘ಮಿತ’ ಎನ್ನುವುದಕ್ಕೆ ಇಲ್ಲಿ ಊಟದಲ್ಲಿರುವ ಅರ್ಥವಿಲ್ಲ. ಎರಡು ಹೋಳಿಗೆ ಆರೋಗ್ಯವಂತರಿಗೆ ಕೇಡು ಮಾಡುವುದಿಲ್ಲ. ಮದ್ಯದಲ್ಲಿ ಕಡಿಮೆ ಎಂದರೆ ಅಪಾಯ ಕಡಿಮೆ, ಅಷ್ಟೆ. ಕುಡಿಯದವರು ಹಬ್ಬದ ನೆಪದಲ್ಲಿ ಶುರುಮಾಡಲು ಒಂದೂ ಕಾರಣವಿಲ್ಲ.

ಲಿವರ್ ಮದ್ಯಸಾರವನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರುಪದ್ರವಿ ಅಸಿಟೇಟ್ ಆಗಿ ಒಡೆಯುತ್ತದೆ. ಆಲೆಮನೆಯ ಗಾಣ ಇದ್ದ ಹಾಗೆ: ಮುಂದೆ ಎಷ್ಟು ಹೊರೆ ಕಬ್ಬು ರಾಶಿ ಹಾಕಿದರೂ ಅದು ಅರೆಯುವುದು ತನ್ನ ವೇಗಕ್ಕೇ. ಸಾಮಾನ್ಯ ವಯಸ್ಕರಲ್ಲಿ ಆ ವೇಗ ಗಂಟೆಗೆ ಏಳೆಂಟು ಗ್ರಾಂ. ಸಣ್ಣ ಪೆಗ್ಗಿಗೆ ಒಂದು ಗಂಟೆಯ ಮೇಲೆ, ಕ್ವಾರ್ಟರಿಗೆ ಎಂಟು ಗಂಟೆಯ ಆಸುಪಾಸು. ನಿಂಬೆಹಣ್ಣು, ಕಪ್ಪು ಕಾಫಿ, ತಣ್ಣೀರು ಸ್ನಾನ ಯಾವುದೂ ಇದನ್ನು ಚುರುಕುಗೊಳಿಸುವುದಿಲ್ಲ. ಕಾಫಿ ಕುಡಿದರೆ ಎಚ್ಚರವಿರುವ ಕುಡುಕ ಸಿಗುತ್ತಾನೆ, ಅಷ್ಟೇ ಬದಲಾವಣೆ. ಬರಿ ಹೊಟ್ಟೆಯಲ್ಲಿ ಕುಡಿದರೆ ಮದ್ಯ ಸಣ್ಣಕರುಳಿಗೆ ಬೇಗ ಜಾರಿ ರಕ್ತಕ್ಕೆ ಒಮ್ಮೆಲೇ ಏರುತ್ತದೆ. ಮೊದಲು ಊಟ ಮಾಡಿದ್ದರೆ ಏರಿಕೆ ನಿಧಾನ. ಒಟ್ಟು ಗ್ರಾಂ ಮಾತ್ರ ಅಷ್ಟೇ. ಹೆಂಗಸರ ದೇಹದಲ್ಲಿ ನೀರಿನ ಪಾಲು ಕಡಿಮೆ ಇರುವುದರಿಂದ ಅಷ್ಟೇ ಕುಡಿದರೂ ರಕ್ತದಲ್ಲಿ ಮಟ್ಟ ಹೆಚ್ಚು.

ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಪ್ರಕಾರ ಚಾಲಕರ ರಕ್ತದಲ್ಲಿ ನೂರು ಮಿಲಿಲೀಟರಿಗೆ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇರಬಾರದು. ಅರವತ್ತು ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಪೆಗ್ ಬೇಗನೆ ಮುಗಿಸಿದರೆ ಈ ಗೆರೆ ದಾಟಬಹುದು. ಮೊದಲ ಸಲ ಸಿಕ್ಕಿಬಿದ್ದರೆ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜನ ಮರೆಯುವುದು ಮರುದಿನದ ಬೆಳಗನ್ನು. ರಾತ್ರಿ ಹನ್ನೆರಡಕ್ಕೆ ಕ್ವಾರ್ಟರ್ ಮುಗಿಸಿ, ಆರಕ್ಕೆ ಎದ್ದು ಮುಖ ತೊಳೆದು, ‘ಈಗ ಸರಿಯಾಯಿತು’ ಎಂದು ಯಾಣದ ಕಡೆ ಕಾರು ತಿರುಗಿಸುವವರ ರಕ್ತದಲ್ಲಿ ಮದ್ಯ ಇನ್ನೂ ಇರುತ್ತದೆ. ದೇವಿಮನೆ ಘಟ್ಟದ ತಿರುವುಗಳಿಗೆ ಅಂಥ ಕೈ ಸಾಲದು.

ಹೃದಯದ ವಿಷಯ ಒಂದಿದೆ. 1978ರಲ್ಲಿ ಅಮೆರಿಕದ ವೈದ್ಯರು, ಹೃದ್ರೋಗವೇ ಇಲ್ಲದವರು ರಜೆಯಲ್ಲಿ ವಿಪರೀತ ಕುಡಿದ ನಂತರ ಎದೆಬಡಿತ ತಾಳ ತಪ್ಪಿ ಆಸ್ಪತ್ರೆಗೆ ಬರುವುದನ್ನು ಗಮನಿಸಿ ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟರು. ಸಾಮಾನ್ಯವಾಗಿ ಕಾಣುವುದು ಏಟ್ರಿಯಲ್ ಫಿಬ್ರಿಲೇಶನ್, ಹೃದಯದ ಮೇಲಿನ ಕೋಣೆಗಳು ಅಡ್ಡಾದಿಡ್ಡಿ ಕಂಪಿಸುವ ಸ್ಥಿತಿ. ಎಷ್ಟೋ ಮಂದಿಗೆ ಒಂದು ದಿನದಲ್ಲಿ ತಾನಾಗಿ ಸರಿಹೋಗುತ್ತದೆ. ಆದರೆ ಎದೆ ಡವಡವ, ತಲೆಸುತ್ತು, ಉಸಿರುಕಟ್ಟುವಿಕೆ ಬಂದರೆ ‘ಗ್ಯಾಸ್’ ಎಂದು ಸೋಡಾ ಕುಡಿದು ಮಲಗುವಂತಿಲ್ಲ.

ಹಬ್ಬಕ್ಕೆ ಮಾತ್ರೆಗೆ ರಜೆಯಿಲ್ಲ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಲ್ಲಿ ದೇಶದ ಮಧುಮೇಹಿಗಳ ಸಂಖ್ಯೆ 10.1 ಕೋಟಿ. ಹಬ್ಬದ ಪಂಕ್ತಿಯಲ್ಲಿ ನಮ್ಮ ಅಕ್ಕಪಕ್ಕ ಕೂತವರಲ್ಲಿ ಇವರು ಖಂಡಿತ ಇರುತ್ತಾರೆ. ‘ಇವತ್ತೊಂದು ದಿನ ಸಿಹಿ, ಅದಕ್ಕೆ ಒಂದು ಮಾತ್ರೆ ಹೆಚ್ಚಿಗೆ’ ಎನ್ನುವ ಮನೆಲೆಕ್ಕ ವೈದ್ಯರನ್ನು ಕೇಳದೆ ಮಾಡುವಂಥದ್ದಲ್ಲ. ಮಧುಮೇಹಿಗಳು ಕುಡಿದರೆ ಅಪಾಯ ಎದುರು ದಿಕ್ಕಿನಿಂದ ಬರುತ್ತದೆ. ಮದ್ಯ ಒಡೆಯುವ ಕೆಲಸದಲ್ಲಿರುವ ಲಿವರ್ ಹೊಸದಾಗಿ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುವುದನ್ನು ನಿಲ್ಲಿಸುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಂಡವರು ಊಟ ಸರಿಯಾಗಿ ಮಾಡಿರದಿದ್ದರೆ ನಡುರಾತ್ರಿ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ತೊದಲು ಮಾತು. ನೋಡಿದವರು ‘ಏರಿದೆ, ಮಲಗಲಿ ಬಿಡು’ ಎನ್ನುತ್ತಾರೆ. ಗ್ಲೂಕೋಮೀಟರಿನಲ್ಲಿ ನೋಡುವುದು ಒಂದು ನಿಮಿಷದ ಕೆಲಸ. ನಿದ್ದೆಮಾತ್ರೆ ತಿನ್ನುವವರು, ಬಸುರಿಯರು, ಲಿವರ್ ತೊಂದರೆ ಇರುವವರು ಗ್ಲಾಸು ಮುಟ್ಟುವಂತೆಯೇ ಇಲ್ಲ. ಕುಡಿದ ತಲೆನೋವಿಗೆ ಪ್ಯಾರಾಸಿಟಮಾಲ್ ಮೇಲೆ ಪ್ಯಾರಾಸಿಟಮಾಲ್ ನುಂಗುವುದು ಲಿವರ್‌ಗೆ ಇನ್ನೊಂದು ಹೊರೆ.

ದಿನವೂ ಕುಡಿಯುವ ಚಟ ಹತ್ತಿದವರು ‘ಜನವರಿ ಒಂದರಿಂದ ಬಂದ್’ ಎಂದು ಏಕಾಏಕಿ ನಿಲ್ಲಿಸುವುದೂ ಅಪಾಯಕಾರಿ. ನಡುಕ, ಭ್ರಮೆ, ಫಿಟ್ಸ್ ಬರಬಹುದು. ವೈದ್ಯರ ನೆರವಿನಲ್ಲೇ ಬಿಡಬೇಕು. ವ್ಯಸನಮುಕ್ತಿಗೆ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ಇವೆರಡೂ ಸರಕಾರಿ ಸಹಾಯವಾಣಿಗಳು.

ತಕ್ಕಡಿಯ ಮೇಲೆ

ಹಬ್ಬದ ಮರುದಿನ ತೂಕ ಒಂದು ಕೆ.ಜಿ. ಏರಿದ್ದು ಕಂಡು ಗಾಬರಿಯಾಗುವುದು ಬೇಡ. ಅದರಲ್ಲಿ ಬಹುಪಾಲು ನೀರು. ಉಪ್ಪು ನೀರನ್ನು ಹಿಡಿದಿಡುತ್ತದೆ, ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟ ಪ್ರತಿ ಗ್ರಾಂ ಸಕ್ಕರೆ ಸುಮಾರು ಮೂರು ಗ್ರಾಂ ನೀರನ್ನು ಜೊತೆಗಿಟ್ಟುಕೊಳ್ಳುತ್ತದೆ. ನಾಲ್ಕು ದಿನದಲ್ಲಿ ಇಳಿಯುತ್ತದೆ.

ಇಳಿಯದೆ ಉಳಿಯುವುದು ಸಣ್ಣದು. ಅಮೆರಿಕದಲ್ಲಿ 195 ಜನರನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನವೆಂಬರ್‌ನಿಂದ ಜನವರಿಯ ಹಬ್ಬದ ಅವಧಿಗೆ ಸರಾಸರಿ ಏರಿದ್ದು 0.37 ಕೆ.ಜಿ. ಮಾತ್ರ. ತಮಗೆ ಏರಿದ್ದು ಅದರ ನಾಲ್ಕು ಪಟ್ಟು ಎಂದು ಅವರು ಅಂದುಕೊಂಡಿದ್ದರು. ಆದರೆ ಆ ಅಲ್ಪ ತೂಕ ಮುಂದಿನ ತಿಂಗಳುಗಳಲ್ಲಿ ಇಳಿಯಲಿಲ್ಲ. ವರ್ಷಕ್ಕೆ ಮೂರು ನಾಲ್ಕು ನೂರು ಗ್ರಾಂ, ಇಪ್ಪತ್ತು ವರ್ಷಕ್ಕೆ ಲೆಕ್ಕ ಹಾಕಿ ನೋಡಿ.

ಹೀಗೆ ಉಳಿಯುವ ತೂಕಕ್ಕೆ ಪಂಕ್ತಿಯ ಒಂದು ಊಟವನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ. ದೂರಬೇಕಾದ್ದು ಡಬ್ಬಿಯನ್ನು. ಕಾರವಾರದ ಓಣಿಗಳಲ್ಲಿ ಕ್ರಿಸ್ತಮಿತ್ರರ ಮನೆಯಿಂದ ಬರುವ ತಟ್ಟೆಯಲ್ಲಿ ನೆವ್ರಿ, ಕಲ್ಕಲ್, ದೋದೊಲ್ ಎಂಬ ಸಿಹಿತಿಂಡಿಗಳು, ಅದೃಷ್ಟವಿದ್ದರೆ ಒಂದು ತುಂಡು ಬೆಬಿಂಕಾ. ಒಂದು ಮನೆಯ ತಟ್ಟೆ ಹಬ್ಬ. ನಾಲ್ಕು ಮನೆಯದು ಸೇರಿ ಡಬ್ಬಿಗೆ ಬಿದ್ದರೆ ಅದು ಜನವರಿ ಹದಿನೈದರವರೆಗಿನ ಸಂಜೆಯ ಚಹಾದ ಜೊತೆ. ಶಿರಸಿಯಲ್ಲಿ ಚೌತಿಯ ಚಕ್ಕುಲಿಯ ಕಥೆಯೂ ಇದೇ. ಕರಿದ ತಿಂಡಿಯ ತೂಕದಲ್ಲಿ ಕಾಲು ಭಾಗದಷ್ಟು ಎಣ್ಣೆಯೇ ಇರುತ್ತದೆ. ಡಬ್ಬಿ ಮೇಜಿನ ಮೇಲಿದ್ದರೆ ಹಸಿವಿಲ್ಲದ ಕೈಯೂ ಅತ್ತ ಹೋಗುತ್ತದೆ. ಅಟ್ಟದ ಮೇಲಿಟ್ಟರೆ ಸ್ಟೂಲು ಹಾಕಿ ತೆಗೆಯುವಷ್ಟು ಆಸೆ ದಿನವೂ ಇರುವುದಿಲ್ಲ.

ತೂಕ ಇಳಿಸಲು ಮಾತ್ರೆ ಹುಡುಕುವವರಿಗೆ ನಮ್ಮ ಕಾಡಿನದೇ ಒಂದು ಸುದ್ದಿ. ಶಿರಸಿ, ಸಿದ್ದಾಪುರದ ಕಾಡಿನಲ್ಲಿ ಮಳೆಗಾಲದಲ್ಲಿ ಆಯುವ ಉಪ್ಪಾಗೆ ಎಂಬ ಹುಳಿಹಣ್ಣಿನ ಸಿಪ್ಪೆಯಿಂದ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೆಗೆದು, ಗಾರ್ಸಿನಿಯಾ ಎಂಬ ಹೆಸರಲ್ಲಿ ಕೊಬ್ಬು ಕರಗಿಸುವ ಗುಳಿಗೆಯಾಗಿ ಜಗತ್ತಿನೆಲ್ಲೆಡೆ ಮಾರುತ್ತಾರೆ. 1998ರಲ್ಲಿ 135 ಜನರ ಮೇಲೆ ಹನ್ನೆರಡು ವಾರ ನಡೆದ ಪರೀಕ್ಷೆಯಲ್ಲಿ ಅದನ್ನು ನುಂಗಿದವರಿಗೂ ಹುಸಿಗುಳಿಗೆ ನುಂಗಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಂಥ ಗುಳಿಗೆಗಳಿಂದ ಲಿವರ್ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಅದೇ ಉಪ್ಪಾಗೆಯ ಬೀಜದಿಂದ ನಮ್ಮವರು ತುಪ್ಪ ತೆಗೆದು ದೋಸೆಗೆ ಹಾಕುತ್ತಾರೆ ಎನ್ನುವುದನ್ನು ಆ ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ.

ಊಟದ ಮೇಲೆ ಮಲಗುವ ಬದಲು ಹತ್ತು ಹದಿನೈದು ನಿಮಿಷ ನಡೆದರೆ ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ, ಎದೆಯುರಿಯೂ ಕಡಿಮೆ. ಅಪ್ಪೆಹುಳಿ ಉಂಡವರಿಗೆ ಇದನ್ನು ಹೇಳುವುದು ಕಷ್ಟ, ಅದರ ಮಂಪರು ಗೊತ್ತಿದ್ದವರಿಗೇ ಗೊತ್ತು. ಹಾಗಾದರೆ ಎದ್ದ ಮೇಲಾದರೂ ಕಾರವಾರದವರಿಗೆ ಟಾಗೋರ್ ಕಡಲತೀರ ಇದೆ, ಶಿರಸಿಯವರಿಗೆ ತೋಟದ ದಾರಿ ಇದೆ.

ಮನೆಗೆ ಜನರನ್ನು ಕರೆಯುವವರ ಕೈಯಲ್ಲಿ ಇದರ ಹೆಚ್ಚಿನ ಭಾಗ ಇದೆ ಎಂದು ನನಗನ್ನಿಸುತ್ತದೆ. ಹೋಳಿಗೆಯನ್ನು ಅಂಗೈಯಗಲ ತಟ್ಟಿದರೆ ಎರಡು ತಿಂದವರಿಗೂ ಒಂದರಷ್ಟೇ ಆಗುತ್ತದೆ, ಒತ್ತಾಯದ ಸಂತೋಷವೂ ಉಳಿಯುತ್ತದೆ. ಎರಡನೆಯ ಸುತ್ತು ಬಡಿಸುವ ಮೊದಲು ಐದು ನಿಮಿಷ ತಡೆಯಬಹುದು, ಆ ಹೊತ್ತಿಗೆ ಒಬ್ಬರಿಂದ ಪದ್ಯ ಹೇಳಿಸಬಹುದು. ಗ್ಲಾಸು ಇಡುವ ಮನೆಯಲ್ಲಿ ಊಟವನ್ನು ಹತ್ತೂವರೆಗೆ ತಳ್ಳದೆ ಎಂಟಕ್ಕೇ ಬಡಿಸಿ, ಅಳತೆಯ ಕಪ್ಪಿನಲ್ಲಿ ಹಾಕಿ ಕೊಡಬಹುದು. ಬಾಟಲಿಯ ಪಕ್ಕದಲ್ಲೇ ಒಂದು ಹೂಜಿ ಕೋಕಂ ಶರಬತ್ತು ಇಟ್ಟರೆ, ಕುಡಿಯದವರು ‘ಯಾಕೆ, ಏನು’ ಎನ್ನುವ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕೂರಬೇಕಿಲ್ಲ. ಬಂದವರಲ್ಲಿ ಗಾಡಿ ಓಡಿಸುವವರು ಯಾರೆಂದು ಬಾಗಿಲಲ್ಲೇ ಕೇಳಿಕೊಂಡು ಕೀಲಿಕೈ ಒಳಗೆ ಇಟ್ಟುಕೊಳ್ಳುವವರು ಈಗ ನಮ್ಮ ಓಣಿಯಲ್ಲೂ ಒಬ್ಬಿಬ್ಬರಿದ್ದಾರೆ. ಮೊದಲ ವರ್ಷ ಬೇಸರ ಮಾಡಿಕೊಂಡವರೇ ಈಗ ಹಾಸಿಗೆ ಎಲ್ಲಿ ಹಾಸಿದ್ದೀರಿ ಎಂದು ಕೇಳುತ್ತಾರೆ.